ಕಿಡ್ನಿ ಮೇಲಿನ ಪುಟ್ಟ ಗ್ರಂಥಿ ಕಣ್ಣು ಬಿಟ್ಟಾಗ

ಮಕ್ಕಳ ಡಾಕ್ಟರಿಗೆ ನಿಮ್ಮ ಪ್ರಶ್ನೆ

ಹೋದ ತಿಂಗಳು ಹೆಣ್ಣುಮಕ್ಕಳು ಮೈನೆರೆಯುವ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಗಂಡುಮಕ್ಕಳ ತಾಯಂದಿರಿಂದ ಒಂದು ಕಟ್ಟು ಕಾಗದ ಬಂದಿದೆ. ‘ನಮ್ಮ ಹುಡುಗರ ಬಗ್ಗೆ ಯಾರೂ ಬರೆಯೋದೇ ಇಲ್ಲ ಯಾಕೆ’ ಅಂತ ಒಬ್ಬರು ಕೇಳಿದ್ದಾರೆ. ನಿಜ. ಹುಡುಗಿ ದೊಡ್ಡವಳಾದರೆ ಮನೆಗೆಲ್ಲ ಗೊತ್ತಾಗುತ್ತದೆ. ಆರತಿ ಮಾಡುತ್ತಾರೆ, ಚಿಗಳಿ ಉಂಡೆ ಕೊಡುತ್ತಾರೆ, ಅಜ್ಜಿ ಪಕ್ಕದಲ್ಲಿ ಕೂತು ನಾಲ್ಕು ಮಾತು ಹೇಳುತ್ತಾಳೆ. ಹುಡುಗನಿಗೆ? ಮೀಸೆ ಚಿಗುರಿತು ಅನ್ನುತ್ತೇವೆ, ಗಂಟಲು ಒಡೆಯಿತು ಅನ್ನುತ್ತೇವೆ. ಅದಕ್ಕೂ ನಾಲ್ಕೈದು ವರ್ಷ ಮೊದಲೇ ಅವನ ಮೈಯಲ್ಲಿ ಶುರುವಾಗುವ ಕೆಲಸಕ್ಕೆ ನಮ್ಮ ಮನೆಗಳಲ್ಲಿ ಒಂದು ಹೆಸರೂ ಇಲ್ಲ. ಈ ಸಲ ಪೂರ್ತಿ ಅವರಿಗೇ.

ಪ್ರಶ್ನೆ: ಮಗನಿಗೆ ಏಳೂವರೆ ವರ್ಷ. ಮೂರು ತಿಂಗಳಿಂದ ಅವನ ಕಂಕುಳಲ್ಲಿ ದೊಡ್ಡವರ ಹಾಗೆ ಬೆವರು ವಾಸನೆ. ತಲೆ ಸ್ನಾನ ಮಾಡಿಸಿದ ಮಾರನೇ ದಿನವೇ ಕೂದಲು ಜಿಡ್ಡು. ಹೋದ ವಾರ ಸ್ನಾನ ಮಾಡಿಸುವಾಗ ಕೆಳಗೆ ನಾಲ್ಕೈದು ಕಪ್ಪು ಕೂದಲು ಕಂಡೆ. ‘ಮೊಬೈಲಲ್ಲಿ ಏನೋ ನೋಡಬಾರದ್ದು ನೋಡಿರಬೇಕು’ ಎನ್ನುತ್ತಾರೆ ನಮ್ಮತ್ತೆ. ಅವರಪ್ಪ ಹುಡುಗನನ್ನು ಕೂರಿಸಿಕೊಂಡು ಗದರಿದರು. ಅವತ್ತಿಂದ ಅವನು ನನ್ನ ಹತ್ತಿರವೂ ಸ್ನಾನ ಮಾಡಿಸಿಕೊಳ್ಳುತ್ತಿಲ್ಲ. ನಮ್ಮದು ಸಣ್ಣ ಕಾಫಿ ತೋಟ. ಊರಲ್ಲಿ ಕೇಳೋಕೆ ನಾಚಿಕೆ. — ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ಮೊದಲು ಹುಡುಗನ ಮೇಲಿನ ಆರೋಪ ತೆಗೆಯೋಣ. ಮೊಬೈಲ್ ನೋಡಿ ಯಾರಿಗೂ ಕೂದಲು ಬರುವುದಿಲ್ಲ. ಕೆಟ್ಟ ಸಹವಾಸದಿಂದ ಕಂಕುಳು ವಾಸನೆ ಹೊಡೆಯುವುದಿಲ್ಲ. ಅವನು ಏನೂ ತಪ್ಪು ಮಾಡಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಇದನ್ನು ಅವನಿಗೆ ಬಾಯಿಬಿಟ್ಟು ಹೇಳಿ. ಗದರಿದವರು ಅವರಪ್ಪ. ಹಾಗಾಗಿ ಅವರಪ್ಪನೇ ಹೇಳಿದರೆ ಇನ್ನೂ ಒಳ್ಳೆಯದು.

ಇನ್ನು ಆಗಿರುವುದೇನು ಅಂತ ನೋಡೋಣ. ನಮ್ಮ ಎರಡೂ ಕಿಡ್ನಿಗಳ ನೆತ್ತಿ ಮೇಲೆ ಒಂದೊಂದು ಪುಟ್ಟ ಗ್ರಂಥಿ ಇದೆ. ಅದರ ಹೆಸರು ಅಡ್ರಿನಲ್. ದೊಡ್ಡವರಲ್ಲಿ ಒಂದೊಂದೂ ನಾಲ್ಕೈದು ಗ್ರಾಂ ತೂಗಬಹುದು, ಅಷ್ಟೆ. ಅದರ ಒಳತಿರುಳು ಹೆದರಿದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ಅಡ್ರಿನಲಿನ್ ಕೊಡುತ್ತದೆ. ತಿರುಳಿನ ಸುತ್ತ ಇರುವ ಸಿಪ್ಪೆಯಲ್ಲಿ ಮೂರು ಪದರ. ಹೊರಗಿನದು ಮೈಯ ಉಪ್ಪನ್ನು ಹತೋಟಿಯಲ್ಲಿಡುತ್ತದೆ. ನಡುವಿನದು ಕಾಯಿಲೆ, ಒತ್ತಡ ತಾಳಿಕೊಳ್ಳಲು ಮೈಗೆ ಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುತ್ತದೆ. ಮೂರನೆಯದು, ಎಲ್ಲಕ್ಕಿಂತ ಒಳಗಿನದು, ಡಿಎಚ್‌ಇಎ ಎಂಬ ಹಾರ್ಮೋನು ಕೊಡುತ್ತದೆ. ನಿಮ್ಮ ಮಗನಲ್ಲಿ ಕೆಲಸ ಶುರು ಮಾಡಿರುವುದು ಬಹುಶಃ ಈ ಮೂರನೇ ಪದರ.

ಈ ಗ್ರಂಥಿಯ ಕಥೆ ನನಗೆ ಇವತ್ತಿಗೂ ಬೆರಗು. ಮಗು ಹೊಟ್ಟೆಯಲ್ಲಿರುವಾಗ ಅಡ್ರಿನಲ್ ತುಂಬಾ ದೊಡ್ಡದಿರುತ್ತದೆ. ಹೆಚ್ಚುಕಡಿಮೆ ಕಿಡ್ನಿಗೆ ಸಮನಾಗಿ ಬೆಳೆಯುವ ಹೊತ್ತೂ ಉಂಟು. ಆಗ ಅದು ಡಿಎಚ್‌ಇಎಯನ್ನು ಹೇರಳವಾಗಿ ಸುರಿಸುತ್ತದೆ. ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ಆ ಭಾಗ ಕರಗಿಹೋಗುತ್ತದೆ. ಆಮೇಲೆ ವರ್ಷಗಟ್ಟಲೆ ಮೌನ. ಆರರಿಂದ ಎಂಟು ವರ್ಷದ ಹೊತ್ತಿಗೆ ಒಳಪದರ ಮತ್ತೆ ಬೆಳೆದು ಡಿಎಚ್‌ಇಎ ಮೆಲ್ಲಗೆ ಏರಲು ಶುರುವಾಗುತ್ತದೆ. ಇದಕ್ಕೆ ಡಾಕ್ಟರುಗಳು ಅಡ್ರಿನಾರ್ಕಿ ಎನ್ನುತ್ತಾರೆ. ಮನುಷ್ಯರನ್ನು ಬಿಟ್ಟರೆ ಚಿಂಪಾಂಜಿಯಂಥ ಕೆಲವೇ ಪ್ರಾಣಿಗಳಲ್ಲಿ ಇದು ಕಾಣುತ್ತದೆ. ಹಸು, ನಾಯಿ, ಮೊಲಕ್ಕೆ ಇಲ್ಲ.

ಡಿಎಚ್‌ಇಎಗೆ ತನ್ನಷ್ಟಕ್ಕೆ ಬಲ ಕಡಿಮೆ. ಆದರೆ ಚರ್ಮ ಮತ್ತು ಕೂದಲ ಬುಡ ಅದನ್ನು ತೆಗೆದುಕೊಂಡು ಬಲವಾದ ಗಂಡು ಹಾರ್ಮೋನಾಗಿ ಬದಲಿಸಿಕೊಳ್ಳುತ್ತವೆ. ಕಂಕುಳಿನ ಒಂದು ಜಾತಿಯ ಬೆವರು ಗ್ರಂಥಿಗಳು ಆಗ ಎಚ್ಚರವಾಗುತ್ತವೆ. ಆ ಬೆವರಿಗೆ ವಾಸನೆ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ವಾಸನೆ ಮಾಡುತ್ತವೆ. ತಲೆ ಜಿಡ್ಡಾಗುವುದು, ಮೂಗಿನ ಮೇಲೆ ಒಂದೆರಡು ಗುಳ್ಳೆ, ಕೆಳಗೆ ನಾಲ್ಕು ಕೂದಲು, ಎಲ್ಲ ಇದರದ್ದೇ.

ಹಾಗಾದರೆ ಏಳೂವರೆಗೇ ಹುಡುಗ ಪ್ರಾಯಕ್ಕೆ ಬಂದನಾ? ಇಲ್ಲೇ ಎಲ್ಲರೂ ತಪ್ಪು ತಿಳಿಯುವುದು. ನೀವು ತೋಟದವರು, ನಿಮಗೆ ಒಂದೇ ಮಾತಲ್ಲಿ ಅರ್ಥವಾಗುತ್ತದೆ. ಮಾರ್ಚಿನಲ್ಲಿ ಹೂಮಳೆ ಬೀಳುತ್ತದೆ. ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಅದನ್ನು ನೋಡಿ ಯಾರಾದರೂ ಮುಂಗಾರು ಬಂತು ಅನ್ನುತ್ತಾರಾ? ಹೂಮಳೆ ಬೇರೆ ಮೋಡದ್ದು, ಮುಂಗಾರು ಬೇರೆ ಮೋಡದ್ದು. ಅಡ್ರಿನಲ್ ಏಳುವುದು ಹೂಮಳೆ. ನಿಜವಾದ ಪ್ರಾಯ, ಅಂದರೆ ಮಿದುಳಿನಿಂದ ಆಜ್ಞೆ ಹೊರಟು ವೃಷಣಗಳು ಬೆಳೆಯುವುದು, ಮುಂಗಾರು. ಹುಡುಗರಲ್ಲಿ ಅದು ಸಾಮಾನ್ಯವಾಗಿ 9ರಿಂದ 14 ವರ್ಷದ ನಡುವೆ ಯಾವಾಗ ಬೇಕಾದರೂ ಶುರುವಾಗಬಹುದು. ಒಂದು ಬಂದಿದೆ ಅಂತ ಇನ್ನೊಂದು ಬಂದೇಬಿಟ್ಟಿತು ಅನ್ನುವ ಹಾಗಿಲ್ಲ.

ಎರಡರಲ್ಲಿ ಯಾವುದು ಅಂತ ತಿಳಿಯುವುದು ಹೇಗೆ? ನನ್ನ ಮೇಜಿನ ಎಡಗಡೆ ಡ್ರಾಯರಿನಲ್ಲಿ ಒಂದು ಮಣಿಸರ ಇದೆ. ಹನ್ನೆರಡು ಮೊಟ್ಟೆಯಾಕಾರದ ಮಣಿ, ಸಣ್ಣದರಿಂದ ದೊಡ್ಡದರವರೆಗೆ. ಒಂದೊಂದರ ಮೇಲೂ 1, 2, 3 ಅಂತ ಶುರುವಾಗಿ, ಆಮೇಲೆ ನಡುನಡುವೆ ಬಿಟ್ಟು 25ರವರೆಗೆ ಅಂಕಿ. ಅದು ಮಿಲಿಲೀಟರ್ ಲೆಕ್ಕ. ಸ್ವಿಟ್ಜರ್ಲೆಂಡಿನ ಮಕ್ಕಳ ಡಾಕ್ಟರ್ ಪ್ರಾಡರ್ ಮಾಡಿಕೊಟ್ಟದ್ದು. ಮೂರನೇ ಮಣಿಯವರೆಗೆ ಹುಡುಗ ಇನ್ನೂ ಮಗು. ನಾಲ್ಕನೆಯದು ಹೆಚ್ಚುಕಡಿಮೆ ಸಣ್ಣ ಹಲಸಿನ ಬೀಜದಷ್ಟಿದೆ. ವೃಷಣ ಅಷ್ಟಾಯಿತು ಅಂದರೆ ಮುಂಗಾರು ಶುರು. ಎರಡು ನಿಮಿಷದ ಪರೀಕ್ಷೆ, ಸೂಜಿ ಇಲ್ಲ, ನೋವಿಲ್ಲ. ಹುಡುಗನಿಗೆ ಮೊದಲೇ ಹೇಳಿ, ಅಮ್ಮನನ್ನೋ ಅಪ್ಪನನ್ನೋ ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವನು ಹೂಂ ಅಂದ ಮೇಲೆ ಮಾಡುತ್ತೇನೆ. ಹುಡುಗರಿಗೆ ಆ ಮಣಿಸರ ಕೈಯಲ್ಲಿ ಹಿಡಿದು ನೋಡುವುದು ಇಷ್ಟ. ಭಯ ಅಲ್ಲೇ ಅರ್ಧ ಹೋಗುತ್ತದೆ.

ನಿಮ್ಮ ಮಗನನ್ನು ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ಯಾಕೆ ಅಂದರೆ ಗಂಡುಮಕ್ಕಳಲ್ಲಿ 9 ವರ್ಷಕ್ಕೆ ಮೊದಲು ಕೂದಲು ಬಂದರೆ ಅದು ಬೇಗ ಆಯಿತು ಅಂತಲೇ ಲೆಕ್ಕ. ಬೇಗ ಬರುವುದು ಹೆಣ್ಣುಮಕ್ಕಳಲ್ಲೇ ಜಾಸ್ತಿ. ಹುಡುಗರಲ್ಲಿ ಕಡಿಮೆ. ಅದಕ್ಕೇ ಹುಡುಗರನ್ನು ಇನ್ನೂ ಹುಷಾರಾಗಿ ನೋಡಬೇಕು. ಡಾಕ್ಟರು ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಬಹುದು. ಮೂಳೆಯ ವಯಸ್ಸು ಹುಡುಗನ ವಯಸ್ಸಿಗಿಂತ ತುಂಬಾ ಮುಂದೆ ಓಡಿದೆಯಾ ಅಂತ ನೋಡಲು. ಬೆಳಗ್ಗೆ ಎಂಟರ ಸುಮಾರಿಗೆ ರಕ್ತ ತೆಗೆದು ಡಿಎಚ್‌ಇಎ-ಎಸ್ (ಡಿಎಚ್‌ಇಎಯದೇ ಇನ್ನೊಂದು ರೂಪ), ಟೆಸ್ಟೋಸ್ಟಿರಾನ್ (ಮುಖ್ಯ ಗಂಡು ಹಾರ್ಮೋನು), 17-ಓಎಚ್‌ಪಿ (ಕಾರ್ಟಿಸಾಲ್ ತಯಾರಾಗುವ ದಾರಿಯಲ್ಲಿ ಸಿಗುವ ಸರಕು) ಎಂಬ ಮೂರು ನೋಡಬಹುದು. ಡಿಎಚ್‌ಇಎ-ಎಸ್ ಡೆಸಿಲೀಟರಿಗೆ 40 ಮೈಕ್ರೋಗ್ರಾಂ ದಾಟಿದ್ದರೆ ಅಡ್ರಿನಲ್ ಎದ್ದಿದೆ ಅಂತ ಅರ್ಥ. ಸ್ವಲ್ಪ ದಾಟಿದ್ದು, ಉಳಿದವು ಸರಿ ಇದ್ದು, ವೃಷಣ ಮಗುವಿನದೇ ಅಳತೆಯಲ್ಲಿದ್ದರೆ ಔಷಧಿ ಬೇಕಿಲ್ಲ. ಆರು ತಿಂಗಳಿಗೊಮ್ಮೆ ಎತ್ತರ, ತೂಕ ನೋಡಿದರೆ ಸಾಕು. ತೂಕ ಜಾಸ್ತಿ ಇರುವ ಮಕ್ಕಳಲ್ಲಿ, ಹುಟ್ಟುವಾಗ ತೂಕ ಕಡಿಮೆ ಇದ್ದ ಮಕ್ಕಳಲ್ಲಿ ಇದು ಬೇಗ ಬರುವುದುಂಟು.

ಅಲ್ಲಿಯವರೆಗೆ ಮನೆಯಲ್ಲಿ ಒಂದು ಕೆಲಸ ಮಾಡಿ. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಹಾಕಿ, ತಾರೀಖು ಬರೆಯಿರಿ. ಈ ವಯಸ್ಸಿನಲ್ಲಿ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯಬೇಕು. ಆರು ತಿಂಗಳಿಗೇ ಐದು ದಾಟಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ವಾಸನೆಗೆ ದಿನಾ ಸ್ನಾನ, ಕಂಕುಳಿಗೆ ಸೋಪು, ಒಗೆದ ಬನಿಯನ್. ಇನ್ನೇನೂ ಬೇಡ. ಅವನ ಸ್ನಾನ ಅವನೇ ಮಾಡಿಕೊಳ್ಳಲಿ. ಬಾಗಿಲು ಹಾಕಿಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ನನ್ನ ಸೋದರಮಾವನನ್ನೇ ಮದುವೆಯಾದವಳು. ಮಗನಿಗೆ ಆರು ವರ್ಷ. ಕ್ಲಾಸಿನಲ್ಲಿ ಎಲ್ಲರಿಗಿಂತ ಒಂದು ತಲೆ ಎತ್ತರ. ಕೂದಲು ಬಂದಿದೆ, ಧ್ವನಿ ದಪ್ಪ, ಮರ್ಮಾಂಗ ದೊಡ್ಡ ಹುಡುಗರದರಂತೆ ಇದೆ. ‘ಭೀಮ’ ಅಂತ ಎಲ್ಲರೂ ಖುಷಿಪಡುತ್ತಾರೆ. ನನಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತದೆ. ಮೊದಲನೇ ಗಂಡುಮಗು ಹುಟ್ಟಿದ ಹದಿನೈದನೇ ದಿನ ವಾಂತಿಯಾಗಿ ತೀರಿಕೊಂಡಿತು. — ಅರಸೀಕೆರೆ

ಉತ್ತರ: ತಾಯೀ, ನಿಮ್ಮ ಅನುಮಾನ ಸರಿ. ಈ ವಾರವೇ ಹೊರಡಿ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಬಂದರೆ ಮುಂದಿನ ದಾರಿ ಹೇಳುತ್ತಾರೆ. ಮೊದಲ ಮಗುವಿನ ವಿಷಯ ತಪ್ಪದೆ ಹೇಳಿ. ಈ ಪುಟವನ್ನೂ ಹರಿದುಕೊಂಡು ಹೋಗಿ ತೋರಿಸಿ.

ಮೇಲಿನ ಪ್ರಶ್ನೆಯ ಹುಡುಗನಿಗೆ ನಾಲ್ಕು ಕೂದಲು, ವಾಸನೆ, ಅಷ್ಟೆ. ನಿಮ್ಮ ಮಗನಿಗೆ ಧ್ವನಿ ದಪ್ಪವಾಗಿದೆ, ಅಂಗ ಬೆಳೆದಿದೆ, ಎತ್ತರ ಓಡುತ್ತಿದೆ. ಇದು ಹೂಮಳೆಯಲ್ಲ. ಗಂಡು ಹಾರ್ಮೋನು ಎಲ್ಲಿಂದಲೋ ಜೋರಾಗಿ ಬರುತ್ತಿದೆ. ವೃಷಣ ಚಿಕ್ಕದಾಗೇ ಇದ್ದರೆ ಅದು ಅಡ್ರಿನಲ್‌ನಿಂದಲೇ ಬರುತ್ತಿರುವ ಸಾಧ್ಯತೆ ಜಾಸ್ತಿ. ವೃಷಣವೂ ಬೆಳೆದಿದ್ದರೆ ಮಿದುಳಿನಿಂದಲೇ ಆಜ್ಞೆ ಬೇಗ ಹೊರಟಿರಬಹುದು. ಆಗ ತಲೆಯ ಎಂಆರ್‌ಐ ಬೇಕಾಗುತ್ತದೆ. ಅಪರೂಪಕ್ಕೆ ಅಡ್ರಿನಲ್‌ನಲ್ಲಿ ಗಡ್ಡೆಯೂ ಇರಬಹುದು. ಅದನ್ನೂ ನೋಡುತ್ತಾರೆ.

ನನಗೆ ಹೆಚ್ಚು ಅನುಮಾನ ಇರುವುದು ಸಿಎಎಚ್ ಎಂಬ ಕಾಯಿಲೆಯ ಮೇಲೆ. ಅಡ್ರಿನಲ್‌ನಲ್ಲಿ ಕಾರ್ಟಿಸಾಲ್ ತಯಾರಾಗಲು ಒಂದರ ಹಿಂದೆ ಒಂದು ಮೆಟ್ಟಿಲು ಇದೆ. ಅದರಲ್ಲಿ ಒಂದು ಮೆಟ್ಟಿಲಿನ ಕಿಣ್ವ, 21-ಹೈಡ್ರಾಕ್ಸಿಲೇಸ್, ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಕಾರ್ಟಿಸಾಲ್ ಸಾಲುವುದಿಲ್ಲ. ಮಿದುಳು ಇನ್ನೂ ಕೊಡು ಇನ್ನೂ ಕೊಡು ಅಂತ ಒತ್ತಾಯ ಮಾಡುತ್ತದೆ. ನಾಲೆಗೆ ಒಂದು ಕಡೆ ಕಟ್ಟೆ ಹಾಕಿದರೆ ನೀರು ಪಕ್ಕದ ಗದ್ದೆಗೆ ನುಗ್ಗುತ್ತದಲ್ಲ, ಹಾಗೆ ಸರಕೆಲ್ಲ ಗಂಡು ಹಾರ್ಮೋನಿನ ಕಡೆ ಹರಿಯುತ್ತದೆ. ಕೆಲವು ಮಕ್ಕಳಲ್ಲಿ ಉಪ್ಪು ಹಿಡಿದಿಡುವ ಹಾರ್ಮೋನೂ ಇರುವುದಿಲ್ಲ. ಅಂಥ ಮಗು ಹುಟ್ಟಿದ ಎರಡನೇ ವಾರದ ಹೊತ್ತಿಗೆ ವಾಂತಿ ಮಾಡಿ, ಸೊರಗಿ, ಜೀವಕ್ಕೇ ಬರುತ್ತದೆ. ಹೆಣ್ಣುಮಗುವಾದರೆ ಅಂಗ ಬೇರೆ ಥರ ಇರುವುದರಿಂದ ಹೆರಿಗೆಯಲ್ಲೇ ಅನುಮಾನ ಬರುತ್ತದೆ. ಗಂಡುಮಗು ನೋಡಲು ಸರಿಯಾಗೇ ಇರುತ್ತದೆ. ಅದಕ್ಕೇ ತಪ್ಪಿಹೋಗುತ್ತದೆ. ನಿಮ್ಮ ಮೊದಲ ಮಗುವಿಗೆ ಇದೇ ಆಗಿತ್ತು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಕೇಳಲೇಬೇಕಾದ ಪ್ರಶ್ನೆಯಂತೂ ಹೌದು.

ತಂದೆ ತಾಯಿ ಇಬ್ಬರೂ ಕೆಟ್ಟ ಜೀನಿನ ಒಂದೊಂದು ಪ್ರತಿ ಹೊತ್ತಿದ್ದು, ಎರಡೂ ಮಗುವಿಗೆ ಬಂದರೆ ಮಾತ್ರ ಈ ಕಾಯಿಲೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಒಂದೇ ರಕ್ತದವರು ಮದುವೆಯಾದಾಗ ಇಬ್ಬರಲ್ಲೂ ಅದೇ ಜೀನು ಇರುವ ಸಂಭವ ಹೆಚ್ಚು. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಮುಂದೆ ಇನ್ನೊಂದು ಮಗು ಬೇಕು ಅಂದರೆ ಬಸಿರಾಗುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ.

‘ಭೀಮ’ ಅನ್ನುವ ಮಾತು ನನ್ನನ್ನು ಚುಚ್ಚಿತು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ನಾನು ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದೆ. ಜ್ವರ ಅಂತ ಒಬ್ಬ ಆರು ವರ್ಷದ ಹುಡುಗನನ್ನು ಕರೆತಂದರು. ಗಟ್ಟಿ ಮೈಕಟ್ಟು, ಹತ್ತು ವರ್ಷದವನ ಎತ್ತರ. ನಾನೂ ‘ಎಷ್ಟು ಚೆನ್ನಾಗಿ ಬೆಳೆಸಿದೀರಮ್ಮ’ ಅಂದೆ. ಗಂಟಲು ನೋಡಿ, ಎದೆ ಕೇಳಿ, ಸಿರಪ್ ಬರೆದು ಕಳಿಸಿದೆ. ಚಡ್ಡಿ ಬಿಚ್ಚಿಸಿ ನೋಡಲಿಲ್ಲ. ಹೊರಗೆ ಅರವತ್ತು ಜನ ಕಾಯುತ್ತಿದ್ದರು. ಏಳು ವರ್ಷ ಕಳೆದು ಅದೇ ತಾಯಿ ಹಾಸನದಲ್ಲಿ ನನ್ನೆದುರು ಬಂದು ಕೂತಳು. ಹುಡುಗ ಹತ್ತಕ್ಕೇ ಬೆಳೆಯುವುದು ನಿಲ್ಲಿಸಿದ್ದ. ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದೆ. ಬೆರಳ ಮೂಳೆಗಳ ತುದಿಯಲ್ಲಿ ಕಪ್ಪು ಗೆರೆಯಂಥ ಸಂದು ಇರಬೇಕು. ಅಲ್ಲೇ ಮೂಳೆ ಬೆಳೆಯುವುದು. ಹದಿಮೂರು ವರ್ಷದವನ ಕೈಯಲ್ಲಿ ಒಂದು ಸಂದೂ ಉಳಿದಿರಲಿಲ್ಲ, ಎಲ್ಲ ಬೆಸೆದುಹೋಗಿತ್ತು. ಜಾಸ್ತಿ ಗಂಡು ಹಾರ್ಮೋನು ಮೂಳೆಯನ್ನು ಬೇಗ ಬೆಳೆಸುತ್ತದೆ, ಬೇಗ ಮುಚ್ಚುತ್ತದೆ. ಆರರಲ್ಲಿ ಎಲ್ಲರಿಗಿಂತ ಎತ್ತರ ಇದ್ದ ಹುಡುಗ ಕೊನೆಗೆ ನಾಲ್ಕು ಅಡಿ ಒಂಬತ್ತು ಇಂಚಿಗೆ ನಿಂತ. ಆರರಲ್ಲೇ ಹಿಡಿದಿದ್ದರೆ ಆ ಇಂಚುಗಳಲ್ಲಿ ಕೆಲವನ್ನಾದರೂ ಉಳಿಸಬಹುದಿತ್ತು. ಅವತ್ತಿನಿಂದ ವಯಸ್ಸಿಗೆ ಮೀರಿ ಎತ್ತರ ಇರುವ ಮಗುವನ್ನು ಪೂರ್ತಿ ನೋಡದೆ ನಾನು ಕಳಿಸಿಲ್ಲ.

ಚಿಕಿತ್ಸೆ ಇದೆ. ಕಡಿಮೆ ಇರುವ ಕಾರ್ಟಿಸಾಲ್ ಬದಲಿಗೆ ಹೈಡ್ರೊಕಾರ್ಟಿಸೋನ್ ಮಾತ್ರೆ, ದಿನಾ, ಜೀವನಪೂರ್ತಿ. ಕೊಟ್ಟರೆ ಮಿದುಳಿನ ಒತ್ತಾಯ ತಗ್ಗುತ್ತದೆ, ಗಂಡು ಹಾರ್ಮೋನೂ ಇಳಿಯುತ್ತದೆ. ಶುರು ಮಾಡಿದ ಮೇಲೆ ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಜ್ವರ, ಆಪರೇಷನ್ ಅಂದಾಗ ಡೋಸ್ ಹೆಚ್ಚಿಸಬೇಕು. ಎಷ್ಟು ಅಂತ ನಿಮ್ಮ ಡಾಕ್ಟರು ಬರೆದುಕೊಡುತ್ತಾರೆ. ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸ್ಕೂಲ್ ಬ್ಯಾಗಿನಲ್ಲಿಡಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಪ್ರಶ್ನೆ: ಮೇಡಂ, ನನಗೆ 13 ವರ್ಷ. ಎಡಗಡೆ ಎದೆಯ ಮೊಲೆತೊಟ್ಟಿನ ಕೆಳಗೆ ಗಂಟಾಗಿದೆ. ಮುಟ್ಟಿದರೆ ನೋವು. ಕಬಡ್ಡಿಯಲ್ಲಿ ಹಿಡಿದಾಗ ಜೀವ ಹೋಗುತ್ತೆ. ಶರ್ಟ್ ಬಿಚ್ಚೋಕೆ ನಾಚಿಕೆ. ಬೇಸಿಗೆ ರಜದಲ್ಲಿ ಎಲ್ಲರೂ ನಾಲೆಗೆ ಈಜೋಕೆ ಹೋದರೂ ನಾನು ಹೋಗಲಿಲ್ಲ. ಮನೆಯಲ್ಲಿ ಹೇಳಿಲ್ಲ. ನಾನು ಹುಡುಗಿ ಆಗ್ತಿದೀನಾ? ಕ್ಯಾನ್ಸರ್ರಾ? — ಚನ್ನರಾಯಪಟ್ಟಣ

ಉತ್ತರ: ಎರಡೂ ಅಲ್ಲ ಮಗಾ. ನೀನು ಹುಡುಗನಾಗೇ ಇದ್ದೀಯ, ಗಂಡಸಾಗುತ್ತಾ ಇದ್ದೀಯ. ನಿನ್ನ ತಂಡದಲ್ಲಿ ಏಳು ಜನ ಇದ್ದರೆ ಅದರಲ್ಲಿ ಮೂರು ನಾಲ್ಕು ಜನಕ್ಕೆ ಇದೇ ಗಂಟು ಆಗಿರುತ್ತದೆ, ಇಲ್ಲ ಆಗುತ್ತದೆ. ಅವರೂ ನಿನ್ನ ಹಾಗೇ ಬಾಯಿ ಬಿಟ್ಟಿಲ್ಲ.

ಎಲ್ಲ ಗಂಡಸರ ಮೈಯಲ್ಲೂ ಸ್ವಲ್ಪ ಹೆಣ್ಣು ಹಾರ್ಮೋನು ಇರುತ್ತದೆ, ಎಲ್ಲ ಹೆಂಗಸರಲ್ಲೂ ಸ್ವಲ್ಪ ಗಂಡು ಹಾರ್ಮೋನು. ನಿನ್ನ ವಯಸ್ಸಿನಲ್ಲಿ ಅಡ್ರಿನಲ್ ಎಂಬ ಗ್ರಂಥಿ ಆಂಡ್ರೋಸ್ಟೀನ್‌ಡಯೋನ್ ಅನ್ನುವ ಹಾರ್ಮೋನನ್ನು ಕೊಡುತ್ತಿರುತ್ತದೆ. ಮೈಯ ಕೊಬ್ಬು ಅದರಲ್ಲಿ ಒಂದಿಷ್ಟನ್ನು ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ವೃಷಣವೂ ಒಂಚೂರು ಕೊಡುತ್ತದೆ. ಗಂಡು ಹಾರ್ಮೋನು ಇನ್ನೂ ಪೂರ್ತಿ ಏರಿರುವುದಿಲ್ಲ. ಹಾಗಾಗಿ ಕೆಲವು ಕಾಲ ತಕ್ಕಡಿ ಆ ಕಡೆ ವಾಲುತ್ತದೆ, ಎದೆಯ ಕೆಳಗೆ ಗಂಟು ಬರುತ್ತದೆ. ಆಮೇಲೆ ವೃಷಣ ಜೋರಾಗಿ ಕೆಲಸ ಶುರು ಮಾಡುತ್ತದೆ. ದೊಡ್ಡವನಾದಾಗ ನಿನ್ನ ಟೆಸ್ಟೋಸ್ಟಿರಾನ್‌ನಲ್ಲಿ 100ಕ್ಕೆ 95 ಪಾಲು ಅಲ್ಲಿಂದಲೇ ಬರುತ್ತದೆ. ತಕ್ಕಡಿ ಸರಿಯಾಗುತ್ತದೆ. ಆರು ತಿಂಗಳು, ಒಂದು ವರ್ಷ, ಕೆಲವರಿಗೆ ಎರಡು ವರ್ಷ. ತಾನಾಗಿ ಕರಗುತ್ತದೆ.

ಅದನ್ನು ಹಿಸುಕಬೇಡ. ಎಣ್ಣೆ ಹಾಕಿ ತಿಕ್ಕಬೇಡ. ಒಳಗೆ ಬಿಗಿ ಬನಿಯನ್ ಹಾಕಿಕೊಂಡು ಆಡು. ಗಂಟು ಕಲ್ಲಿನಷ್ಟು ಗಟ್ಟಿಯಾದರೆ, ತೊಟ್ಟಿನಿಂದ ನೀರೋ ರಕ್ತವೋ ಬಂದರೆ, ದಿನೇದಿನೇ ದೊಡ್ಡದಾಗುತ್ತಿದ್ದರೆ, ಎರಡು ವರ್ಷ ದಾಟಿದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ವೃಷಣದಲ್ಲೇ ಗಂಟು ಸಿಕ್ಕರೆ ಅವತ್ತೇ ತೋರಿಸಬೇಕು. ಅಪ್ಪನಿಗೋ ಅಣ್ಣನಿಗೋ ಈ ಪುಟ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತುಕೋ. ಓದುತ್ತಾರೆ. ಅವರಿಗೂ ಆ ವಯಸ್ಸಲ್ಲಿ ಆಗಿದ್ದಿರಬಹುದು. ಬರುವ ಬೇಸಿಗೆಗೆ ಈಜೋಕೆ ಹೋಗು, ದೊಡ್ಡವರು ಜೊತೆಗಿದ್ದಾಗ ಮಾತ್ರ. ನಾಲೆ ನೀರಿಗೆ ಸೆಳೆತ ಜಾಸ್ತಿ.

ಪ್ರಶ್ನೆ: ಪಿಯುಸಿ ಓದುವ ಮಗನಿಗೆ ಮುಖದ ತುಂಬ ಮೊಡವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಕ್ರೀಮು ತಂದ. ಹದಿನೈದು ದಿನ ಮುಖ ಫಳಫಳ ಅಂತಿತ್ತು. ಈಗ ನಾಲ್ಕು ತಿಂಗಳಾಗಿದೆ. ಹಚ್ಚದಿದ್ದರೆ ಮುಖ ಕೆಂಪಗಾಗಿ ಉರಿಯುತ್ತದಂತೆ. ಮೊಡವೆ ಮೊದಲಿಗಿಂತ ಜಾಸ್ತಿ. — ಹಾಸನ

ಉತ್ತರ: ಟ್ಯೂಬ್ ತೆಗೆದುಕೊಂಡು ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್. ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟಿರಾಯ್ಡ್. ಅಡ್ರಿನಲ್‌ನ ನಡುಪದರ ಕಾರ್ಟಿಸಾಲ್ ಕೊಡುತ್ತದೆ ಅಂತ ಮೇಲೆ ಹೇಳಿದೆನಲ್ಲ, ಅದರದ್ದೇ ಬಲವಾದ ನೆಂಟರು ಇವು. ಕಾಯಿಲೆಗೆ, ಡಾಕ್ಟರು ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಔಷಧ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರ ಎದ್ದು ಕಾಣುತ್ತದೆ, ಹೊಸ ಮೊಡವೆ ಹುಟ್ಟುತ್ತದೆ. ಬಿಟ್ಟರೆ ಉರಿ. ಉರಿ ತಾಳಲಾರದೆ ಮತ್ತೆ ಹಚ್ಚುತ್ತಾರೆ. ನಿಮ್ಮ ಮಗ ಆ ಸುಳಿಯಲ್ಲಿ ಸಿಕ್ಕಿದ್ದಾನೆ. ಚರ್ಮದ ಡಾಕ್ಟರ ಹತ್ತಿರ ಟ್ಯೂಬ್ ಸಮೇತ ಕರೆದುಕೊಂಡು ಹೋಗಿ. ಬಿಡಿಸಲು ಅವರಿಗೆ ದಾರಿ ಗೊತ್ತು.

ಇಂಥ ಕ್ರೀಮನ್ನು ಮೈಯ ತುಂಬ, ಬಹಳ ದಿನ ಹಚ್ಚಿದರೆ ರಕ್ತಕ್ಕೂ ಇಳಿಯುತ್ತದೆ. ಹೊರಗಿನಿಂದ ಬರುತ್ತಿದೆಯಲ್ಲ ಅಂತ ಅಡ್ರಿನಲ್ ತನ್ನ ಕೆಲಸ ನಿಲ್ಲಿಸಿಬಿಡುತ್ತದೆ. ಸ್ಟಿರಾಯ್ಡ್ ಮಾತ್ರೆ ವಾರಗಟ್ಟಲೆ ನುಂಗುವವರು ತಾವಾಗೇ ಒಮ್ಮೆಲೇ ನಿಲ್ಲಿಸಬಾರದು ಅನ್ನುವುದೂ ಇದಕ್ಕೇ. ನಿದ್ದೆ ಹೋದ ಗ್ರಂಥಿ ಏಳಲು ಸಮಯ ಬೇಕು.

ಇನ್ನು ಮೊಡವೆ. ಅದು ಕೊಳಕಿನಿಂದ ಬರುವುದಲ್ಲ. ಗಂಡು ಹಾರ್ಮೋನು ಎಣ್ಣೆ ಗ್ರಂಥಿಗಳನ್ನು ಉಬ್ಬಿಸುತ್ತದೆ, ರಂಧ್ರ ಕಟ್ಟಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ಸೇರುತ್ತವೆ. ದಿನಕ್ಕೆ ಎರಡು ಸಲ ಮೆತ್ತಗೆ ಮುಖ ತೊಳೆದರೆ ಸಾಕು. ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲಿನ್‌ನಂಥ ಒಳ್ಳೆಯ ಔಷಧಗಳಿವೆ. ಗುಣ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಹದಿನೈದು ದಿನದಲ್ಲಿ ಫಳಫಳ ಅನ್ನಿಸುವ ಯಾವುದನ್ನೂ ನಂಬಬೇಡಿ.

ಪ್ರಶ್ನೆ: ಜಿಮ್‌ನಲ್ಲಿ ಡಿಎಚ್‌ಇಎ ಮಾತ್ರೆ ತಗೋ, ಬೇಗ ಬಾಡಿ ಬರುತ್ತೆ ಅಂತಾರೆ. ನನಗೆ 16. ತಗೋಬಹುದಾ? — ಬೇಲೂರು

ಉತ್ತರ: ಬೇಡ. ನಿನ್ನ ಅಡ್ರಿನಲ್ ಅದನ್ನು ಈಗ ತಾನೇ ಯಥೇಚ್ಛ ಮಾಡುತ್ತಿದೆ. ಇಪ್ಪತ್ತರ ಹರೆಯದಲ್ಲಿ ಅದು ಅತಿ ಹೆಚ್ಚಿರುತ್ತದೆ, ಆಮೇಲೆ ವಯಸ್ಸಾದಂತೆ ಇಳಿಯುತ್ತದೆ. ತುಂಬಿದ ಕೆರೆಗೆ ಬಿಂದಿಗೆಯಲ್ಲಿ ನೀರು ಹೊಯ್ಯುವುದು ಯಾಕೆ? ಕ್ರೀಡೆಯಲ್ಲಿ ನಿಷೇಧಿಸಿದ ಪದಾರ್ಥಗಳ ಪಟ್ಟಿಯಲ್ಲೂ ಇದೆ. ನಾಳೆ ಯಾವುದಾದರೂ ಆಟದಲ್ಲಿ ಮುಂದೆ ಹೋದರೆ ಸಿಕ್ಕಿಬೀಳುತ್ತೀಯ. ಇಂಜೆಕ್ಷನ್ ಕೊಡುತ್ತೇವೆ ಅಂದರಂತೂ ಆ ಜಿಮ್ಮನ್ನೇ ಬಿಡು. ಮೊಟ್ಟೆ, ಕಾಳು, ಮುದ್ದೆ, ಎಂಟು ಗಂಟೆ ನಿದ್ದೆ. ಮೈ ಬಂದೇ ಬರುತ್ತದೆ.

ಪ್ರಶ್ನೆ: ಮಗನಿಗೆ ಹದಿನೈದು ತುಂಬಿತು. ಕಂಕುಳಲ್ಲಿ, ಕೆಳಗೆ ಕೂದಲು ಬಂದು ಎರಡು ವರ್ಷವಾಯಿತು. ಆದರೆ ಗಂಟಲು ಒಡೆದಿಲ್ಲ, ಮೀಸೆಯಿಲ್ಲ, ಎತ್ತರವಿಲ್ಲ. ಕೂದಲು ಬಂದಿದೆಯಲ್ಲ, ಇನ್ನೇನು ಎಲ್ಲ ಬರುತ್ತದೆ ಅಂತ ಸಂಬಂಧಿಕರು ಹೇಳುತ್ತಾರೆ. ಕಾಯಬಹುದಾ? — ಮೂಡಿಗೆರೆ

ಉತ್ತರ: ಕೂದಲು ಬಂದಿದೆ ಅಂತ ನೀವು ಎರಡು ವರ್ಷ ಧೈರ್ಯವಾಗಿದ್ದಿರಿ, ಅಲ್ವಾ? ಆದರೆ ಆ ಕೂದಲು ಅಡ್ರಿನಲ್‌ದಿರಬಹುದು. ಸಕಲೇಶಪುರದ ತಾಯಿಗೆ ಹೇಳಿದ್ದನ್ನೇ ನಿಮಗೆ ತಿರುಗಿಸಿ ಹೇಳಬೇಕು. ಅಲ್ಲಿ ಹೂಮಳೆ ಬೇಗ ಬಿತ್ತು, ಮುಂಗಾರಿಗೆ ಹೊತ್ತಿದೆ. ನಿಮ್ಮಲ್ಲಿ ಹೂಮಳೆ ಸರಿಯಾದ ಕಾಲಕ್ಕೇ ಬಿದ್ದಿದೆ, ಮುಂಗಾರೇ ಬಂದಿಲ್ಲ. 14 ತುಂಬಿಯೂ ವೃಷಣ ನಾಲ್ಕನೇ ಮಣಿಗೆ ಬರದಿದ್ದರೆ ಡಾಕ್ಟರು ನೋಡಲೇಬೇಕು. ಕಾಯಬೇಡಿ.

ತಡವಾಗುವ ಹುಡುಗರಲ್ಲಿ ಬಹಳ ಜನ ಬರೀ ನಿಧಾನದವರು. ಅವರಪ್ಪನೂ ಕಾಲೇಜಿಗೆ ಹೋದ ಮೇಲೇ ಉದ್ದ ಆದದ್ದು ಅಂತ ಅಜ್ಜಿ ಹೇಳುತ್ತಾಳೆ. ಅಂಥವರು ತಡವಾಗಿಯಾದರೂ ಪೂರ್ತಿ ಬೆಳೆಯುತ್ತಾರೆ. ಆದರೆ ಅವರಲ್ಲಿ ಸಾಮಾನ್ಯವಾಗಿ ಅಡ್ರಿನಲ್ಲೂ ತಡವಾಗೇ ಏಳುತ್ತದೆ, ಕೂದಲೂ ತಡ. ಕೂದಲು ವೇಳೆಗೆ ಬಂದು ವೃಷಣ ಮಾತ್ರ ಹಿಂದುಳಿದಿದ್ದರೆ ನನಗೆ ಬೇರೆ ಯೋಚನೆ ಬರುತ್ತದೆ. ಮಿದುಳಿನಿಂದ ಆಜ್ಞೆಯೇ ಹೊರಡದೆ ಇರಬಹುದು. ಅಥವಾ ವೃಷಣದಲ್ಲೇ ತೊಂದರೆ ಇರಬಹುದು. ಮಿದುಳಿನ ಆಜ್ಞೆಯನ್ನು ವೃಷಣಕ್ಕೆ ಮುಟ್ಟಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳು, ಟೆಸ್ಟೋಸ್ಟಿರಾನ್, ಇವುಗಳ ಪರೀಕ್ಷೆ, ಮಣಿಕಟ್ಟಿನ ಎಕ್ಸ್‌ರೇ ಮಾಡಿಸಿದರೆ ದಾರಿ ಕಾಣುತ್ತದೆ.

ಅದಕ್ಕೆ ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಪ್ರಾಯದ ಆಜ್ಞೆ ಕೊಡುವ ಮಿದುಳಿನ ಜೀವಕೋಶಗಳು ಹುಟ್ಟುವುದು ಮಿದುಳಿನಲ್ಲಲ್ಲ. ಮಗು ಹೊಟ್ಟೆಯಲ್ಲಿರುವಾಗ ಮೂಗಿನ ಜಾಗದಲ್ಲಿ ಹುಟ್ಟಿ, ವಾಸನೆಯ ನರದ ಜಾಡು ಹಿಡಿದು ಮೇಲಕ್ಕೆ ನಡೆದು ಹೋಗುತ್ತವೆ. ಕೆಲವು ಮಕ್ಕಳಲ್ಲಿ ಈ ದಾರಿಯೇ ಸರಿಯಾಗಿ ಆಗಿರುವುದಿಲ್ಲ. ಅವರಿಗೆ ಪ್ರಾಯವೂ ಬರುವುದಿಲ್ಲ, ವಾಸನೆಯೂ ತಿಳಿಯುವುದಿಲ್ಲ. ಕಾಲ್‌ಮನ್ ಸಿಂಡ್ರೋಮ್ ಅಂತ ಅದರ ಹೆಸರು. ಅಡ್ರಿನಲ್‌ಗೆ ಆ ದಾರಿಯ ಹಂಗಿಲ್ಲ. ಅದಕ್ಕೇ ಅಂಥ ಹುಡುಗರಿಗೂ ಕೂದಲು ಬಂದುಬಿಡುತ್ತದೆ, ಮನೆಯವರು ಸುಮ್ಮನಾಗುತ್ತಾರೆ.

ಕೆಲವು ವರ್ಷಗಳ ಹಿಂದೆ ನಿಮ್ಮ ಕಡೆಯ ತೋಟದ ಒಬ್ಬ ಹದಿನಾರರ ಹುಡುಗ ಬಂದಿದ್ದ. ‘ಕಾಫಿ ಹೂವಿನ ಪರಿಮಳ ಇಷ್ಟವಾ’ ಅಂತ ಕೇಳಿದೆ. ಅವನು ಅಮ್ಮನ ಮುಖ ನೋಡಿದ. ‘ಅದಕ್ಕೆ ಪರಿಮಳ ಇದೆ ಅಂತ ಎಲ್ಲರೂ ಹೇಳ್ತಾರೆ’ ಅಂದ. ಹದಿನಾರು ಮಾರ್ಚು ಆ ಹೂವಿನ ನಡುವೆ ಓಡಾಡಿದ ಹುಡುಗ. ತನಗೆ ಮಾತ್ರ ಅದು ಬರುತ್ತಿಲ್ಲ ಅಂತ ಅವನು ಯಾರಿಗೂ ಹೇಳಿರಲಿಲ್ಲ. ಅವನಿಗೆ ಹಾರ್ಮೋನ್ ಚಿಕಿತ್ಸೆ ಶುರುವಾಯಿತು. ಎರಡು ವರ್ಷ ಕಳೆದು ಫೋನ್ ಮಾಡಿದಾಗ ಧ್ವನಿ ಕೇಳಿ ಅವರಪ್ಪ ಅಂದುಕೊಂಡೆ.

ಈಗ ಹೂವಿನ ಕಾಲವಲ್ಲ. ಅಡುಗೆಮನೆಯಲ್ಲೇ ನೋಡಿ. ಮಗನಿಗೆ ಕಣ್ಣು ಮುಚ್ಚಲು ಹೇಳಿ. ಕಾಫಿ ಪುಡಿ, ಏಲಕ್ಕಿ, ಒಂದು ನಿಂಬೆಸಿಪ್ಪೆ. ಒಂದೊಂದಾಗಿ ಮೂಗಿನ ಹತ್ತಿರ ಹಿಡಿದು ಏನು ಅಂತ ಕೇಳಿ. ನಡುವೆ ಒಂದು ಸಲ ಏನೂ ಇಲ್ಲದ ಖಾಲಿ ಬಟ್ಟಲನ್ನೂ ಹಿಡಿಯಿರಿ. ಅವನು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸರಿಯಾಗಿ ಹೇಳಿದರೂ, ಹೇಳದಿದ್ದರೂ, ಆ ಚೀಟಿ ಹಿಡಿದುಕೊಂಡು ಈ ತಿಂಗಳೊಳಗೆ ಡಾಕ್ಟರ ಹತ್ತಿರ ಹೋಗಿ.